ಯಾದವಗಿರಿಯ ಜಾವಾ

ಸಂಜೆಯ ಹೊತ್ತು ನೀವು ರೇಡಿಯೋ ಮುಂದೆ ಕುಳಿತು ಪ್ರದೇಶ ಸಮಾಚಾರಕ್ಕೋ ಸುಗಮ ಸಂಗೀತಕ್ಕೋ ಕಿವಿಗೊಟ್ಟಿರುತ್ತೀರಿ. ಆಗ ಬೀದಿಯಲ್ಲಿ ಒಂದು ಮೋಟಾರ್ ಸೈಕಲ್ಲು ಹಾದುಹೋಗುತ್ತದೆ. ಅದರ ಸದ್ದು ಮಿಕ್ಕ ಗಾಡಿಗಳ ಸದ್ದಿನಂತಲ್ಲ. ಗುಡುಗುವುದೂ ಅಲ್ಲ, ಕೀರಲೂ ಅಲ್ಲ. ತಾಳ ಹಾಕಿದ ಹಾಗೆ ಡಬ್ ಡಬ್ ಎಂದು ಎಣಿಸಿಕೊಂಡು ಹೋಗುವ ಸದ್ದು ಅದು. ಮನೆಯಲ್ಲಿ ಅರುವತ್ತು ದಾಟಿದ ಹಿರಿಯರಿದ್ದರೆ, ಕಣ್ಣು ತೆರೆಯದೆಯೇ "ಜಾವಾ ಹೋಯಿತು" ಎನ್ನುತ್ತಾರೆ. ಮೈಸೂರು ಸೀಮೆಯ ಪಟ್ಟಣಗಳಲ್ಲಿ ಈ ಸದ್ದನ್ನು ಗುರುತಿಸಲಾರದ ಹಿರಿಯರು ಕಡಿಮೆ. ಅದಕ್ಕೆ ಕಾರಣವೂ ಇದೆ. ಆ ಗಾಡಿ ನಮ್ಮ ಮೈಸೂರಿನಲ್ಲೇ, ಆಕಾಶವಾಣಿ ನಿಲಯವಿರುವ ಅದೇ ಯಾದವಗಿರಿ ಬಡಾವಣೆಯಲ್ಲೇ, ಮೂವತ್ತೈದು ವರ್ಷಗಳ ಕಾಲ ತಯಾರಾಗುತ್ತಿತ್ತು.

ಕನ್ನಡ ಮೇಷ್ಟರಿಗೆ ಮೋಟಾರ್ ಸೈಕಲ್ಲಿನ ಉಸಾಬರಿ ಏಕೆ ಎಂದು ನೀವು ಕೇಳಬಹುದು. ತಪ್ಪು ನನ್ನದಲ್ಲ, ನನ್ನ ವಿದ್ಯಾರ್ಥಿಯೊಬ್ಬನದು. ಒಂಬತ್ತನೆಯ ತರಗತಿಯಲ್ಲಿ ತತ್ಸಮ ತದ್ಭವಗಳ ಪಾಠ ನಡೆದಿತ್ತು. ಸಂಸ್ಕೃತದ 'ಯಮ' ಶಬ್ದ ಕನ್ನಡದಲ್ಲಿ 'ಜವ' ಎಂದಾಯಿತು, ಜವರಾಯ ಎಂಬ ಹೆಸರು ಬಂದದ್ದು ಹೀಗೆ ಎಂದು ಹೇಳಿ, ಸಂಸ್ಕೃತದಲ್ಲಿಯೇ 'ಜವ' ಎಂಬ ಬೇರೊಂದು ಶಬ್ದವೂ ಉಂಟು, ಅದಕ್ಕೆ ವೇಗವೆಂದು ಅರ್ಥ ಎಂದು ಸೇರಿಸಿದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, "ಸಾರ್, ನಮ್ಮ ತಾತನ ಜಾವಾ ಗಾಡೀಲಿರೋದು ಯಾವ ಜವ ಸಾರ್? ವೇಗದ್ದೋ, ಯಮಂದೋ?" ಎಂದ. ತರಗತಿಯೆಲ್ಲ ನಕ್ಕಿತು, ನಾನೂ ನಕ್ಕೆ. ಆದರೆ ಉತ್ತರ ನನಗೆ ಗೊತ್ತಿರಲಿಲ್ಲ. "ಹುಡುಕಿ ಹೇಳ್ತೀನಿ, ಕೂತ್ಕೊಳ್ಳಪ್ಪ" ಎಂದು ಗಂಟೆ ಬಾರಿಸುವವರೆಗೆ ಕಾಲ ನೂಕಿದೆ. ಹಾಗೆ ಹುಡುಕುತ್ತ ಹೋದಾಗ ದೊರೆತ ಸಂಗತಿಗಳನ್ನೇ ಈಗ ನಿಮ್ಮ ಮುಂದೆ ಇಡುತ್ತಿದ್ದೇನೆ.

ಜಾವಾ ಎಂಬುದರಲ್ಲಿ ವೇಗವೂ ಇಲ್ಲ, ಯಮನೂ ಇಲ್ಲ. ಜಾವಾ ದ್ವೀಪಕ್ಕಂತೂ ಸಂಬಂಧವೇ ಇಲ್ಲ. ಅದೊಂದು ಸಮಸ್ತಪದ. ಪೂರ್ವಪದ ಒಬ್ಬ ಮನುಷ್ಯನ ಹೆಸರಿನ ಮೊದಲ ಅಕ್ಷರ, ಉತ್ತರಪದ ಒಂದು ಕಂಪೆನಿಯ ಹೆಸರಿನ ಮೊದಲ ಅಕ್ಷರ. ಆ ಮನುಷ್ಯ ಜೆಕೊಸ್ಲೊವಾಕಿಯಾ ದೇಶದ ಫ್ರಾಂಟಿಶೆಕ್ ಯಾನೆಚೆಕ್. ೧೮೭೮ರಲ್ಲಿ ಹುಟ್ಟಿದ ಈತ ಎಂಜಿನಿಯರು. ಪ್ರಾಗ್ ನಗರದಲ್ಲಿ ಆಯುಧಗಳ ಕಾರಖಾನೆ ನಡೆಸುತ್ತಿದ್ದವನು. ಮೊದಲನೆಯ ಮಹಾಯುದ್ಧ ಮುಗಿದು ಕೆಲವು ವರ್ಷಗಳು ಕಳೆದ ಮೇಲೆ ಬಂದೂಕುಗಳಿಗೆ ಗಿರಾಕಿಗಳು ಕಡಿಮೆಯಾದರು. ಯಂತ್ರಗಳಿವೆ, ಕೆಲಸ ಬಲ್ಲ ಕೈಗಳಿವೆ, ಮಾಡಲು ಕೆಲಸವಿಲ್ಲ. ಆಗ ಆತ ೧೯೨೯ರಲ್ಲಿ ಜರ್ಮನಿಯ ವಾಂಡರರ್ ಕಂಪೆನಿಯಿಂದ ಒಂದು ೫೦೦ ಸಿ.ಸಿ. ಮೋಟಾರ್ ಸೈಕಲ್ಲನ್ನು ತಯಾರಿಸುವ ಹಕ್ಕನ್ನು ಕೊಂಡ. ಯಾನೆಚೆಕ್ಕಿನ 'ಯಾ', ವಾಂಡರರಿನ 'ವಾ' ಕೂಡಿ 'ಯಾವಾ' ಆಯಿತು. ಬರೆಯುವಾಗ ಇಂಗ್ಲಿಷಿನ ಜೆ ಅಕ್ಷರವನ್ನು ಬರೆದರೂ ಜೆಕ್ ಜನ ಅದನ್ನು ಯಕಾರವಾಗಿಯೇ ಉಚ್ಚರಿಸುತ್ತಾರೆ. ನಮ್ಮಲ್ಲಿಗೆ ಬರುವಾಗ ಆ 'ಯಾವಾ' 'ಜಾವಾ' ಆಯಿತು. ಯಮನು ಜವನಾದ ದಾರಿಯಲ್ಲೇ ಯಾವಾ ಜಾವಾ ಆದದ್ದನ್ನು ಕಂಡು, ಹಿಂದಿನ ಬೆಂಚಿನ ಹುಡುಗನ ಪ್ರಶ್ನೆ ಅಷ್ಟೇನೂ ಅಡ್ಡಪ್ರಶ್ನೆಯಾಗಿರಲಿಲ್ಲವೆಂದು ಅನಿಸಿತು.

ಮೊದಲ ಗಾಡಿ ಭಾರಿಯಾಗಿತ್ತು, ಬೆಲೆಯೂ ಭಾರಿಯಾಗಿತ್ತು. ಜನಸಾಮಾನ್ಯರ ಕೈಗೆ ಎಟುಕಿದ್ದು ೧೯೩೨ರಲ್ಲಿ ಬಂದ ೧೭೫ ಸಿ.ಸಿ.ಯ ಚಿಕ್ಕ ಗಾಡಿ. ಇಂಗ್ಲೆಂಡಿನಿಂದ ಬಂದ ಪ್ಯಾಚೆಟ್ ಎಂಬ ಎಂಜಿನಿಯರನು ರೂಪಿಸಿದ ಇದು ಕಂಪೆನಿಯನ್ನು ನಿಲ್ಲಿಸಿತು. ೧೯೩೯ರಲ್ಲಿ ಹಿಟ್ಲರನ ಸೈನ್ಯ ಆ ದೇಶವನ್ನು ಆಕ್ರಮಿಸಿತು. ಯಾನೆಚೆಕ್ ೧೯೪೧ರಲ್ಲಿ ತೀರಿಕೊಂಡ. ಕಾರಖಾನೆ ಜರ್ಮನರಿಗಾಗಿ ದುಡಿಯಬೇಕಾಗಿತ್ತು. ಆದರೂ ಅಲ್ಲಿನ ಎಂಜಿನಿಯರುಗಳು ಅವರ ಕಣ್ಣು ತಪ್ಪಿಸಿ, ಯುದ್ಧ ಮುಗಿದ ಮೇಲೆ ಬೇಕಾಗುವುದೆಂದು ಹೊಸದೊಂದು ೨೫೦ ಸಿ.ಸಿ. ಗಾಡಿಯ ನಕ್ಷೆ ತಯಾರಿಸಿಕೊಂಡರು. ಯುದ್ಧ ಮುಗಿದ ಮರುವರ್ಷ, ೧೯೪೬ರಲ್ಲಿ, ಅದು ಪ್ಯಾರಿಸಿನ ಪ್ರದರ್ಶನದಲ್ಲಿ ಕಾಣಿಸಿಕೊಂಡು ಚಿನ್ನದ ಪದಕ ಪಡೆಯಿತು. ಹಿಂಬದಿಯ ಚಕ್ರಕ್ಕೂ ಸ್ಪ್ರಿಂಗುಗಳಿದ್ದುದರಿಂದ ಜನ ಅದನ್ನು ಪೇರಾಕ್, ಎಂದರೆ ಸ್ಪ್ರಿಂಗಿನ ಗಾಡಿ, ಎಂದು ಕರೆದರು. ಅದರ ಮುಂದಿನ ತಲೆಮಾರು ೧೯೫೪ರಲ್ಲಿ ಬಂತು. ನಮ್ಮ ಮೈಸೂರಿನ ಜಾವಾ ಈ ವಂಶದ ಕುಡಿ.

ಇನ್ನು ನಮ್ಮ ದೇಶದ ಕಡೆ ನೋಡೋಣ. ಸ್ವಾತಂತ್ರ್ಯ ಬಂದಾಗ ಇಲ್ಲಿ ಓಡುತ್ತಿದ್ದ ಮೋಟಾರ್ ಸೈಕಲ್ಲುಗಳೆಲ್ಲ ಹಡಗಿನಲ್ಲಿ ಬಂದವು. ೧೯೫೦ರ ದಶಕದಲ್ಲಿ ಸರ್ಕಾರ, ಹೊರಗಿನಿಂದ ತಂದು ಮಾರುವುದು ಸಾಕು, ಇಲ್ಲಿಯೇ ತಯಾರಿಸುವವರಿಗೆ ಮಾತ್ರ ಅವಕಾಶ ಎಂಬ ನೀತಿಯನ್ನು ಹಿಡಿಯಿತು. ೧೯೫೫ರಲ್ಲಿ ಮದರಾಸಿನಲ್ಲಿ ಎನ್‌ಫೀಲ್ಡ್ ಇಂಡಿಯಾ ಆರಂಭವಾಯಿತು. ಮುಂಬಯಿಯಲ್ಲಿ ಜಾವಾ ಗಾಡಿಗಳನ್ನು ತರಿಸಿ ಮಾರುತ್ತಿದ್ದ ರುಸ್ತುಂ ಇರಾನಿ, ಫರ್ರೋಕ್ ಇರಾನಿ ಎಂಬವರು ತಾವೂ ಒಂದು ಕಾರಖಾನೆ ತೆರೆಯಲು ಹೊರಟರು. ಅದು ಮುಂಬಯಿಯಲ್ಲಿ ಆಗದೆ ಮೈಸೂರಿನಲ್ಲಿ ಏಕೆ ಆಯಿತು?

ಮೈಸೂರು ಎಂದರೆ ಅರಮನೆ, ದಸರಾ, ಮಲ್ಲಿಗೆ, ವೀಳ್ಯದೆಲೆ ಎಂದಷ್ಟೇ ಎಣಿಸುವವರು ಒಂದನ್ನು ಮರೆಯುತ್ತಾರೆ. ೧೯೦೨ರಲ್ಲೇ ಶಿವನಸಮುದ್ರದ ನೀರು ವಿದ್ಯುತ್ತಾಗಿ ಕೋಲಾರದ ಗಣಿಗೆ ಹರಿದಿತ್ತು. ೧೯೧೭ರಲ್ಲಿ ಮೈಸೂರಿನಲ್ಲಿ ಶ್ರೀಗಂಧದ ಎಣ್ಣೆಯ ಕಾರಖಾನೆ ಕೆಲಸ ಆರಂಭಿಸಿತ್ತು. ೧೯೨೩ರಲ್ಲಿ ಭದ್ರಾವತಿಯಲ್ಲಿ ಕಬ್ಬಿಣ ಕರಗಿತ್ತು. ಊರಿನಲ್ಲಿ ರೈಲ್ವೆ ವರ್ಕ್‌ಷಾಪೂ ಇತ್ತು. ಫಿಟ್ಟರು, ಟರ್ನರುಗಳ ಮನೆತನಗಳೇ ಅಲ್ಲಿ ಬೆಳೆದಿದ್ದವು. ರಾಜ್ಯದ ರಾಜ್ಯಪಾಲರಾಗಿದ್ದ ಜಯಚಾಮರಾಜೇಂದ್ರ ಒಡೆಯರು ಈ ಉದ್ಯಮಕ್ಕೆ ಆಸರೆಯಾದರು. ೧೯೬೦ರಲ್ಲಿ ಐಡಿಯಲ್ ಜಾವಾ ಕಂಪೆನಿ ಹುಟ್ಟಿತು. ಯಾದವಗಿರಿಯ ಕಾರಖಾನೆಯನ್ನು ಒಡೆಯರೇ ಉದ್ಘಾಟಿಸಿದರು. ೧೯೬೧ರಲ್ಲಿ ಗಾಡಿಗಳು ಹೊರಬರತೊಡಗಿದವು. ಯಾದವಗಿರಿ ಎಂಬುದು ಮೇಲುಕೋಟೆಯ ಹಳೆಯ ಹೆಸರೂ ಹೌದು. ಭಕ್ತಿಗೆ ಹೆಸರಾದ ಬೆಟ್ಟದ ಹೆಸರನ್ನು ಹೊತ್ತ ಬಡಾವಣೆಯಿಂದ ಎಂಜಿನ್ನುಗಳು ಹೊರಟವು.

ಆರಂಭದಲ್ಲಿ ಬಿಡಿಭಾಗಗಳು ಜೆಕೊಸ್ಲೊವಾಕಿಯಾದಿಂದ ಪೆಟ್ಟಿಗೆಗಳಲ್ಲಿ ಬರುತ್ತಿದ್ದವು; ಇಲ್ಲಿ ಜೋಡಿಸುತ್ತಿದ್ದರು. ವರ್ಷ ವರ್ಷಕ್ಕೂ ಹೊರಗಿನಿಂದ ಬರುವುದು ಕಡಿಮೆಯಾಗಿ ಇಲ್ಲಿ ಮಾಡುವುದು ಹೆಚ್ಚಾಯಿತು. ಜೋಡಿಸುವುದಕ್ಕೂ ಮಾಡುವುದಕ್ಕೂ ಇರುವ ಅಂತರ ದೊಡ್ಡದು. ಅನ್ಯರ ಪದ್ಯವನ್ನು ಬಾಯಿಪಾಠ ಒಪ್ಪಿಸುವ ಹುಡುಗನಿಗೂ ತಾನೇ ಛಂದಸ್ಸು ಕಲಿತು ಒಂದು ಕಂದಪದ್ಯ ಕಟ್ಟುವ ಹುಡುಗನಿಗೂ ಇರುವಷ್ಟು ಅಂತರ ಅದು.

ಈ ಗಾಡಿಯ ಎಂಜಿನ್ನಿನ ಮರ್ಮವನ್ನು ತಿಳಿಯದೆ ಮುಂದಿನ ಕಥೆ ಅರ್ಥವಾಗದು. ಆದ್ದರಿಂದ ಸ್ವಲ್ಪ ತಾಳ್ಮೆಯಿಂದ ಕೇಳಿ. ಎಂಜಿನ್ನಿನೊಳಗೆ ಒಂದು ಸಿಲಿಂಡರು, ಅದರೊಳಗೆ ಮೇಲೆ ಕೆಳಗೆ ಆಡುವ ಒಂದು ಪಿಸ್ಟನ್ನು. ನಾಲ್ಕು ಹೊಡೆತದ ಎಂಜಿನ್ನಿನಲ್ಲಿ ಪೆಟ್ರೋಲು ಮತ್ತು ಗಾಳಿಯ ಮಿಶ್ರಣವನ್ನು ಒಳಗೆ ಬಿಡಲು ಒಂದು ಬಾಗಿಲು, ಸುಟ್ಟ ಹೊಗೆಯನ್ನು ಹೊರಗೆ ಬಿಡಲು ಇನ್ನೊಂದು. ಆ ಬಾಗಿಲುಗಳನ್ನು ಹೊತ್ತು ಹೊತ್ತಿಗೆ ತೆಗೆದು ಮುಚ್ಚಲು ಬೇರೆ ಯಂತ್ರಾಂಗಗಳು. ಪಿಸ್ಟನ್ನು ನಾಲ್ಕು ಸಲ ಆಡಿದರೆ ಒಂದು ಸಲ ಶಕ್ತಿ ಹುಟ್ಟುತ್ತದೆ. ಜಾವಾದ್ದು ಎರಡು ಹೊಡೆತದ ಎಂಜಿನ್ನು. ಇಲ್ಲಿ ಬಾಗಿಲುಗಳ ರಗಳೆಯಿಲ್ಲ. ಸಿಲಿಂಡರಿನ ಗೋಡೆಯಲ್ಲೇ ಕಂಡಿಗಳಿವೆ. ಪಿಸ್ಟನ್ನು ಏರಿಳಿಯುವಾಗ ತಾನೇ ಅವನ್ನು ಮುಚ್ಚುತ್ತದೆ, ತಾನೇ ತೆರೆಯುತ್ತದೆ. ಎರಡು ಆಟಕ್ಕೆ ಒಂದು ಸಲ ಶಕ್ತಿ. ಆಡುವ ಅಂಗಗಳು ಕಡಿಮೆ, ಕೆಡುವ ಅಂಗಗಳೂ ಕಡಿಮೆ. ಮಿಶ್ರಣ ಎಂಜಿನ್ನಿನ ತಳಭಾಗದ ಮೂಲಕವೇ ಹಾದು ಮೇಲೇರುವುದರಿಂದ ಅಲ್ಲಿ ಬೇರೆಯಾಗಿ ಎಣ್ಣೆ ನಿಲ್ಲಿಸುವಂತಿಲ್ಲ. ಅದಕ್ಕಾಗಿ ಪೆಟ್ರೋಲಿನೊಳಗೇ ಎಣ್ಣೆಯನ್ನು ಬೆರೆಸಬೇಕು. ಪೆಟ್ರೋಲ್ ಬಂಕಿನಲ್ಲಿ ಅಳತೆಯ ಲೋಟದಿಂದ ಎಣ್ಣೆ ಸುರಿಸಿಕೊಂಡು, ಗಾಡಿಯನ್ನು ಅತ್ತಿತ್ತ ಅಲುಗಿಸುತ್ತಿದ್ದ ಸವಾರರನ್ನು ನೀವು ನೋಡಿರಬೇಕು. ಆ ಅಲುಗಾಟದ ಅರ್ಥ ಇದೇ.

ಮೈಸೂರಿನ ಜಾವಾದಲ್ಲಿ ಸಿಲಿಂಡರು ಒಂದೇ, ಹೊಗೆಯ ಕೊಳವೆಗಳು ಮಾತ್ರ ಎರಡು, ಎಡಕ್ಕೊಂದು, ಬಲಕ್ಕೊಂದು. ಆ ವಿಶಿಷ್ಟ ಸದ್ದಿಗೆ ಇದೂ ಒಂದು ಕಾರಣ. ಇನ್ನೊಂದು ಜಾಣತನವೂ ಇತ್ತು. ಗೇರು ಬದಲಿಸುವ ಕಡ್ಡಿಯೂ ಕಿಕ್ ಹೊಡೆಯುವ ಕಡ್ಡಿಯೂ ಒಂದೇ. ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕರು. ಎಂಜಿನ್ನು ಹೊತ್ತಿಕೊಂಡ ಮೇಲೆ ಕೆಳಕ್ಕಿಳಿಸಿದರೆ ಗೇರು. ಹೊಸಬರು ಬೇರೆ ಊರಿನಿಂದ ಬಂದು ಈ ಗಾಡಿಯನ್ನು ಎರವಲು ಪಡೆದರೆ ಕಿಕ್ಕರಿಗಾಗಿ ಸುತ್ತಲೂ ತಡಕಾಡುತ್ತಿದ್ದರು. ಅದನ್ನು ನೋಡಿ ನಗುವುದು ಮೈಸೂರಿನವರಿಗೆ ಒಂದು ಸಣ್ಣ ಹಬ್ಬ. ಸರಪಳಿಯನ್ನು ಪೂರ್ತಿಯಾಗಿ ತಗಡಿನ ಡಬ್ಬಿಯೊಳಗೆ ಮುಚ್ಚಿದ್ದರಿಂದ ಧೂಳು ಸೇರುತ್ತಿರಲಿಲ್ಲ, ಪಂಚೆಯ ಅಂಚು ಸಿಕ್ಕುತ್ತಿರಲಿಲ್ಲ.

ಮೋಟಾರ್ ಸೈಕಲ್ಲಿನ ಕಾರಖಾನೆಯಲ್ಲಿ ಕೆಲಸ ನಡೆಯುವ ಬಗೆ ಹೀಗೆ: ಒಂದು ಕಡೆ ಅಲ್ಯುಮಿನಿಯಂ ಕರಗಿಸಿ ಅಚ್ಚಿಗೆ ಹೊಯ್ದ ಎಂಜಿನ್ನಿನ ಹೊರಕವಚ, ಅದನ್ನು ಯಂತ್ರದಲ್ಲಿ ಹೆರೆದು ಸಮಮಾಡಬೇಕು. ಸಿಲಿಂಡರಿನ ಒಳಮೈಯನ್ನು ಕೊರೆದು ನುಣುಪು ಮಾಡಬೇಕು. ಕೂದಲೆಳೆಗಿಂತ ಸಣ್ಣ ವ್ಯತ್ಯಾಸ ಬಂದರೂ ಪಿಸ್ಟನ್ನು ಬಿಗಿದುಕೊಳ್ಳುತ್ತದೆ ಇಲ್ಲವೆ ಸಡಿಲವಾಗುತ್ತದೆ. ಇನ್ನೊಂದು ಕಡೆ ಉಕ್ಕಿನ ಕೊಳವೆಗಳನ್ನು ಬಗ್ಗಿಸಿ ಬೆಸೆದು ಗಾಡಿಯ ಚೌಕಟ್ಟು ಕಟ್ಟುತ್ತಾರೆ. ತಗಡನ್ನು ಒತ್ತಿ ಎರಡು ಹೋಳಾಗಿ ಮಾಡಿ, ಬೆಸೆದು, ಪೆಟ್ರೋಲಿನ ಟ್ಯಾಂಕು ಮಾಡುತ್ತಾರೆ. ಬಣ್ಣ ಬಳಿಯುತ್ತಾರೆ, ಒಲೆಯಲ್ಲಿ ಒಣಗಿಸುತ್ತಾರೆ. ಕಡೆಗೆ ಎಲ್ಲವೂ ಒಂದು ಸಾಲಿನಲ್ಲಿ ಕೂಡಿಕೊಳ್ಳುತ್ತವೆ. ಗಾಡಿಗೆ ಉಸಿರು ಬರುತ್ತದೆ. ಪರೀಕ್ಷಕ ಅದನ್ನು ಓಡಿಸಿ ನೋಡುತ್ತಾನೆ. ಕುಂಕುಮಗೆಂಪು ಬಣ್ಣ, ಟ್ಯಾಂಕಿನ ಮೇಲೆ ಕನ್ನಡಿಯಂತೆ ಹೊಳೆಯುವ ಕ್ರೋಮಿಯಂ, ಅದರ ಅಂಚಿಗೆ ಎಳೆದ ಚಿನ್ನದ ಬಣ್ಣದ ಗೆರೆ — ಜಾವಾದ ಸಿಂಗಾರ ಇದು.

ನಮ್ಮ ಬೀದಿಯಲ್ಲಿ ಆ ಕಾರಖಾನೆಯ ಎಂಜಿನ್ ವಿಭಾಗದಲ್ಲಿ ದುಡಿದ ಹಿರಿಯರೊಬ್ಬರಿದ್ದಾರೆ. ಸಂಜೆ ಜಗಲಿಯ ಮೇಲೆ ಕುಳಿತಿರುತ್ತಾರೆ. ಅವರನ್ನು ಒಮ್ಮೆ ಕೇಳಿದೆ: "ಯಜಮಾನರೇ, ಎಂಜಿನ್ನು ಸರಿಯಾಗಿದೆ ಅಂತ ಹೇಗೆ ತಿಳೀತಿತ್ತು?" ಅವರು ನಕ್ಕು, "ಅಳತೆ ಪಟ್ಟಿ ಇತ್ತು ಮೇಷ್ಟ್ರೇ, ಗೇಜು ಇತ್ತು. ಅದೆಲ್ಲ ಸರಿ ಅಂತ ಹೇಳಿದ ಮೇಲೂ ಕೈ ಒಂದು ಮಾತು ಹೇಳ್ತಿತ್ತು. ಪಿಸ್ಟನ್ ಕೈಯಲ್ಲಿ ತಳ್ಳಿದ್ರೆ ಬೆಣ್ಣೇಲಿ ಬೆರಳು ಹೋದ ಹಾಗೆ ಹೋಗ್ಬೇಕು. ಅದು ಬರೆಯೋಕೆ ಆಗಲ್ಲ" ಎಂದರು. ಬರೆಯುವುದನ್ನೇ ವೃತ್ತಿಯಾಗಿ ಕಲಿಸುವ ನನಗೆ ಆ ಮಾತು ಇನ್ನೂ ಕಿವಿಯಲ್ಲಿದೆ.

ಮದರಾಸಿನ ಎನ್‌ಫೀಲ್ಡ್, ೧೯೬೦ರ ದಶಕದ ಆರಂಭದಲ್ಲಿ ಪೋಲೆಂಡಿನ ನೆರವಿನಿಂದ ಬಂದ ರಾಜದೂತ್, ಮೈಸೂರಿನ ಜಾವಾ — ದೇಶದ ಮೋಟಾರ್ ಸೈಕಲ್ ಸವಾರರಿಗೆ ಬಹುಕಾಲ ಇವೇ ಮೂರು ಗತಿ. ವೈದ್ಯರು, ತೋಟದ ಮಾಲೀಕರು, ಹಳ್ಳಿ ಹಳ್ಳಿ ತಿರುಗುವ ಅಧಿಕಾರಿಗಳು ಜಾವಾ ಹತ್ತಿದರು. ನನ್ನ ಬಾಲ್ಯದಲ್ಲಿ ನಮ್ಮೂರಿನ ಡಾಕ್ಟರು ರಾತ್ರಿ ಹೊತ್ತು ಯಾರ ಮನೆಗೆ ಹೋದರೆಂಬುದು ಊರಿಗೆಲ್ಲ ತಿಳಿಯುತ್ತಿತ್ತು. ಸದ್ದು ಎಲ್ಲಿ ನಿಂತಿತೆಂದು ಹಾಸಿಗೆಯಲ್ಲೇ ಲೆಕ್ಕ ಹಾಕುತ್ತಿದ್ದೆವು. ಹುಡುಗನಾಗಿ ಮೈಸೂರಿಗೆ ಬಂದಾಗ ಪಾಳಿ ಬಿಡುವ ಹೊತ್ತಿಗೆ ಆ ಕಾರಖಾನೆಯ ಮುಂದೆ ನಿಂತಿದ್ದೂ ಉಂಟು. ಮೋಟಾರ್ ಸೈಕಲ್ಲು ಮಾಡುವವರಲ್ಲಿ ಹಲವರು ಸಾದಾ ಸೈಕಲ್ಲು ತುಳಿದುಕೊಂಡು ಮನೆಗೆ ಹೋಗುತ್ತಿದ್ದರು. ಆದರೂ ದಾರಿಯಲ್ಲಿ ಒಂದು ಜಾವಾ ಹಾದುಹೋದರೆ ಅವರೆಲ್ಲರ ಕತ್ತೂ ಒಮ್ಮೆ ಅತ್ತ ತಿರುಗುತ್ತಿತ್ತು.

೧೯೭೩ರಲ್ಲಿ ಗಾಡಿಯ ಹೆಸರು ಬದಲಾಯಿತು. ಜೆಕ್ ಕಂಪೆನಿಯ ಹೆಸರನ್ನು ಬಿಟ್ಟು, 'ಯೆಜ್ಡಿ' ಎಂಬ ಹೆಸರಿನಿಂದ ಗಾಡಿಗಳು ಹೊರಟವು. ಯಜ್ದ್ ಎಂಬುದು ಇರಾನ್ ದೇಶದ ಪುರಾತನ ನಗರ. ಅಗ್ನಿಯನ್ನು ಆರಾಧಿಸುವ ಜರತುಷ್ಟ್ರ ಮತದವರ ನೆಲೆ. ಭಾರತಕ್ಕೆ ಬಂದ ಇರಾನಿ ಮನೆತನಗಳಲ್ಲಿ ಹಲವಕ್ಕೆ ತವರು. ಆ ಹೆಸರಿನ ಬೇರು ನಮ್ಮ ವೇದದ 'ಯಜತ', ಎಂದರೆ ಪೂಜ್ಯ, ಎಂಬ ಶಬ್ದದ ಸೋದರವೆಂದು ಭಾಷಾಜ್ಞರು ಹೇಳುತ್ತಾರೆ. ವಿನೋದವೆಂದರೆ, ಜೆಕ್ ಭಾಷೆಯಲ್ಲಿಯೂ 'ಯೆಜ್ಡೀ' ಎಂಬ ಕ್ರಿಯಾಪದವುಂಟು; ಸವಾರಿ ಮಾಡುತ್ತಾನೆ, ಓಡಾಡುತ್ತಾನೆ ಎಂದು ಅದರ ಅರ್ಥ. ಒಂದೇ ಶಬ್ದದಲ್ಲಿ ಒಡೆಯರ ಮೂಲವೂ ಗಾಡಿಯ ಮೂಲವೂ ಅಡಗಿದ ಇಂಥ ಶ್ಲೇಷೆಯನ್ನು ನಮ್ಮ ಚಂಪೂ ಕವಿಗಳು ಕಂಡಿದ್ದರೆ ತಲೆದೂಗುತ್ತಿದ್ದರು. ೧೯೭೮ರಲ್ಲಿ 'ರೋಡ್‌ಕಿಂಗ್' ಬಂತು. ಮದರಾಸಿನ ಹತ್ತಿರದ ಶೋಳಾವರಂ ಪಂದ್ಯಗಳಲ್ಲಿ ಯೆಜ್ಡಿಗಳು ಓಡಿದವು. ೧೯೮೩ರಲ್ಲಿ ಎರಡು ಸಿಲಿಂಡರಿನ ೩೫೦ ಸಿ.ಸಿ. ಗಾಡಿಯೂ ಬಂತು. ಮೈಸೂರಿನ ಗಾಡಿಗಳು ಸಮುದ್ರ ದಾಟಿ ಪರದೇಶಗಳಿಗೂ ಹೋದವು.

ಇಲ್ಲಿಂದ ಮುಂದೆ ಇಳಿಗಾಲ. ೧೯೮೪ರಿಂದ ಎರಡು ಮೂರು ವರ್ಷಗಳೊಳಗೆ ಜಪಾನಿನ ಸುಜುಕಿ, ಹೋಂಡಾ, ಯಮಹಾ, ಕವಾಸಾಕಿ ಕಂಪೆನಿಗಳು ಭಾರತೀಯ ಪಾಲುದಾರರೊಡನೆ ಕೂಡಿ ೧೦೦ ಸಿ.ಸಿ.ಯ ಹಗುರವಾದ ಗಾಡಿಗಳನ್ನು ತಂದವು. ೧೯೮೫ರಲ್ಲಿ ಬಂದ ಹೀರೋ ಹೋಂಡಾದ್ದು ನಾಲ್ಕು ಹೊಡೆತದ ಎಂಜಿನ್ನು. ಎಣ್ಣೆ ಬೆರೆಸುವ ಗೋಜಿಲ್ಲ, ಒಂದು ಲೀಟರ್ ಪೆಟ್ರೋಲಿಗೆ ಯೆಜ್ಡಿಯ ಎರಡರಷ್ಟು ದೂರಕ್ಕೂ ಮೀರಿ ಓಡುತ್ತಿತ್ತು. ಸಂಬಳದಲ್ಲಿ ಬದುಕುವ ಗೃಹಸ್ಥ ಸದ್ದಿನ ಸೊಗಸನ್ನು ಎಷ್ಟು ದಿನ ನೋಡುತ್ತಾನೆ, ತಿಂಗಳ ಕೊನೆಯ ಪೆಟ್ರೋಲಿನ ಲೆಕ್ಕವನ್ನಲ್ಲವೆ ನೋಡುವುದು? ಸರಳತೆಯೇ ಯಾವ ಎಂಜಿನ್ನಿನ ಗುಣವಾಗಿತ್ತೋ ಆ ಸರಳತೆಯೇ ಈಗ ದೋಷವಾಗಿ ಕಂಡಿತು. ಎರಡು ಹೊಡೆತದ ಎಂಜಿನ್ನಿನಲ್ಲಿ ಒಳಗೆ ಬರುವ ಮಿಶ್ರಣದ ಒಂದು ಪಾಲು ಸುಡದೆಯೇ ಹೊಗೆಯೊಡನೆ ಹೊರಟುಹೋಗುತ್ತದೆ. ಬೆರೆಸಿದ ಎಣ್ಣೆಯೂ ಸುಟ್ಟು ನೀಲಿ ಹೊಗೆಯಾಗುತ್ತದೆ. ೧೯೯೧ರಲ್ಲಿ ವಾಹನಗಳ ಹೊಗೆಗೆ ಮೊದಲ ನಿಯಮಗಳು ಬಂದವು, ೧೯೯೬ರಲ್ಲಿ ಅವು ಬಿಗಿಯಾದವು. ಮೂಲದಲ್ಲಿ ೧೯೪೦ರ ದಶಕದ ಕಲ್ಪನೆಯಾದ ಎಂಜಿನ್ನನ್ನು ತಿದ್ದಿ ನಿಲ್ಲಿಸುವುದು ಸುಲಭವಲ್ಲ. ಹೊಸದನ್ನು ರೂಪಿಸಲು ಬೇಕಾದ ಬಂಡವಾಳವೂ ಕಾಲವೂ ಕೈಯಲ್ಲಿರಲಿಲ್ಲ. ೧೯೯೬ರಲ್ಲಿ ಯಾದವಗಿರಿಯ ಕಾರಖಾನೆ ನಿಂತಿತು. ಕಂಪೆನಿಯ ಲೆಕ್ಕ ತೀರಿಸುವ ಕೆಲಸ ನ್ಯಾಯಾಲಯದ ಕೈಗೆ ಹೋಯಿತು.

ಇದರಲ್ಲಿ ತಪ್ಪು ಯಾರದು ಎಂದು ನಿರ್ಣಯಿಸಲು ನಾನು ಹೊರಟಿಲ್ಲ. ಶುದ್ಧವಾದ ಗಾಳಿ ನಮ್ಮ ಮಕ್ಕಳಿಗೆ ಬೇಕು. ಆ ನಿಯಮಗಳು ಬಂದದ್ದು ಒಳ್ಳೆಯದೇ ಆಯಿತು. ಆದರೆ ಬಾಗಿಲು ಮುಚ್ಚಿದಾಗ ಹೊರಗೆ ಉಳಿದವರ ವಿಷಯವನ್ನೂ ನೆನೆಯಬೇಕು. ನಲವತ್ತು ನಲವತ್ತೈದರ ವಯಸ್ಸಿನಲ್ಲಿ, ಒಂದೇ ಬಗೆಯ ಎಂಜಿನ್ನಿನ ಒಳಗುಟ್ಟು ತಿಳಿದ ಕೈ ಮತ್ತೊಂದು ಕೆಲಸವನ್ನು ಹುಡುಕಬೇಕಾಯಿತು. ನಮ್ಮ ಬೀದಿಯ ಯಜಮಾನರು ಮನೆಯ ಮುಂದೆ ಒಂದು ಚಪ್ಪರ ಹಾಕಿ ರಿಪೇರಿ ಅಂಗಡಿ ಇಟ್ಟರು. ಗಾಡಿ ಮಾಡುತ್ತಿದ್ದವರು ಗಾಡಿ ಉಳಿಸುವವರಾದರು.

ಈಗ ಜಾವಾ ಹೆಸರು ಮತ್ತೆ ಕೇಳುತ್ತಿದೆ. ಮಹೀಂದ್ರ ಬಳಗದ ಕ್ಲಾಸಿಕ್ ಲೆಜೆಂಡ್ಸ್ ಎಂಬ ಕಂಪೆನಿ ೨೦೧೮ರ ನವೆಂಬರಿನಲ್ಲಿ ಹೊಸ ಜಾವಾವನ್ನೂ ೨೦೨೨ರ ಜನವರಿಯಲ್ಲಿ ಹೊಸ ಯೆಜ್ಡಿಯನ್ನೂ ಹೊರತಂದಿತು. ಅವು ನಾಲ್ಕು ಹೊಡೆತದ ಗಾಡಿಗಳು. ತಯಾರಾಗುವುದು ಮಧ್ಯಪ್ರದೇಶದ ಪೀಥಂಪುರದಲ್ಲಿ. ಹೆಸರು ಮರಳಿತು, ಊರು ಮರಳಲಿಲ್ಲ. ಹಳೆಯ ಗಾಡಿಗಳ ಅಭಿಮಾನಿಗಳು ಮಾತ್ರ ಪ್ರತಿವರ್ಷ ಜುಲೈ ತಿಂಗಳ ಎರಡನೆಯ ಭಾನುವಾರ ಬೆಂಗಳೂರು, ಮೈಸೂರುಗಳಲ್ಲಿ ಸೇರಿ, ತಮ್ಮ ಗಾಡಿಗಳನ್ನು ತೊಳೆದು ಸಿಂಗರಿಸಿಕೊಂಡು ಹೊರಡುತ್ತಾರೆ. ಅವರಲ್ಲಿ ಅನೇಕರು ಕಾರಖಾನೆ ಮುಚ್ಚಿದ ಮೇಲೆ ಹುಟ್ಟಿದವರು.

ನಾನು ಆ ಹುಡುಗನಿಗೆ ಉತ್ತರ ಹೇಳಿದೆ. ಅವನು ಕೇಳಿಕೊಂಡು, ಮಾರನೆಯ ದಿನ ತಾತನ ಒಂದು ಹಳೆಯ ಭಾವಚಿತ್ರ ತಂದು ತೋರಿಸಿದ. ನೀಲಿ ಅಂಗಿ ತೊಟ್ಟ ಹತ್ತು ಹನ್ನೆರಡು ಜನ, ನಡುವೆ ಹೊಳೆಯುವ ಒಂದು ಗಾಡಿ. ತಾತ ಗಾಡಿ ಕೊಂಡವರಷ್ಟೇ ಅಲ್ಲ, ಅದನ್ನು ಮಾಡಿದವರಲ್ಲೂ ಒಬ್ಬರು ಎಂಬುದು ಅಂದು ನನಗೆ ತಿಳಿಯಿತು. ಚಿತ್ರದ ಹಿಂಬದಿ ಖಾಲಿ. ಯಾರ ಹೆಸರೂ ಇಲ್ಲ. ತಾತನನ್ನು ಕೇಳಿ ಎಲ್ಲರ ಹೆಸರನ್ನೂ ಬರೆದುಕೊಂಡು ಬಾ ಎಂದೆ. ಏಳು ಹೆಸರು ಬಂದವು. ಮಿಕ್ಕವರ ಮುಖ ನೆನಪಿದೆ, ಹೆಸರು ಬರುತ್ತಿಲ್ಲ ಎಂದರಂತೆ ತಾತ.

ಆದ್ದರಿಂದ ಓದುಗರೇ, ನಿಮ್ಮಲ್ಲಿ ಒಂದು ಬಿನ್ನಹ. ಅರಮನೆಯ ಇತಿಹಾಸಕ್ಕೆ ಶಾಸನಗಳಿವೆ, ಕಡತಗಳಿವೆ. ಕಾರಖಾನೆಯ ಇತಿಹಾಸ ಇರುವುದು ನಿಮ್ಮ ಮನೆಯ ಅಟ್ಟದ ಮೇಲಿನ ಟ್ರಂಕಿನಲ್ಲಿ. ನಿಮ್ಮ ಮನೆಯಲ್ಲಿ ಯಾದವಗಿರಿಯಲ್ಲಿ ದುಡಿದವರು ಇದ್ದರೆ, ಅವರ ಹಾಜರಿ ಚೀಟಿ, ಭಾವಚಿತ್ರ, ಪದಕ, ಉಪಕರಣ ಏನೇ ಇರಲಿ, ಹಳೆಯ ಸಾಮಾನಿನವನಿಗೆ ಹಾಕುವ ಮುನ್ನ ಒಂದು ಗಳಿಗೆ ತಡೆಯಿರಿ. ಭಾನುವಾರ ಮಧ್ಯಾಹ್ನ ರೇಡಿಯೋವನ್ನು ಒಂದು ಗಂಟೆ ಆರಿಸಿ, ಅವರ ಪಕ್ಕ ಕುಳಿತು ಕೇಳಿ, ಅವರು ಹೇಳಿದ್ದನ್ನು ಬರೆದಿಡಿ. ಮೊದಲು ಆ ಭಾವಚಿತ್ರದ ಹಿಂದೆ ಹೆಸರುಗಳನ್ನು ಬರೆಯಿರಿ.